ಎರಡು ನಿಮಿಷ ಬಿಟ್ಟು ಹಿಡಿದ ನೀರು

ಬುಧವಾರ, ಬೆಳಗ್ಗೆ

ಮಗಳೂ, ಮಕ್ಕಳ ಡಾಕ್ಟರೂ, ಎರಡು ತಿಂಗಳಿಂದ ನನ್ನ ವಿರೋಧ ಪಕ್ಷದ ನಾಯಕಿಯೂ ಆಗಿರುವ ಪುಟ್ಟಿಗೆ,

ಅಮ್ಮನ ನೆನಪುಗಳು. ಆಶೀರ್ವಾದಗಳು ಎಂದು ಬರೆಯಲು ಹೊರಟಿದ್ದೆ. ನನ್ನ ಕಡೆಯಿಂದ ಬರುವ ಯಾವುದನ್ನೂ ನೀನೀಗ ಬೇರೆ ಲ್ಯಾಬಿಗೆ ಕಳಿಸದೆ ಸ್ವೀಕರಿಸಲಾರೆ ಎನ್ನಿಸಿ ಪೆನ್ನು ಹಿಂದೆ ತೆಗೆದುಕೊಂಡೆ.

ಫೋನ್ ಇರುವಾಗ ಕಾಗದವೇಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ಈಚೆಗೆ ನೀನು ನನ್ನೊಂದಿಗೆ ಆಡುವ ಭಾಷೆಯಲ್ಲಿ ಎರಡೇ ಪದಗಳು ಉಳಿದಿವೆ: 'ಹೂಂ' ಮತ್ತು 'ಇಡ್ಲಾ'. ಇಷ್ಟು ಬಡ ಶಬ್ದಕೋಶ ಇಟ್ಟುಕೊಂಡು ಜಗಳವಾಡುವುದೂ ಕಷ್ಟ, ರಾಜಿಯಾಗುವುದೂ ಕಷ್ಟ. ಇನ್ನು ಎದುರಿಗೇ ಬಂದು ಮಾತಾಡೋಣವೆಂದರೆ ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇಲ್ಲ. ಗಂಭೀರವಾದದ್ದು ಏನನ್ನೋ ಹೇಳಬೇಕಾದಾಗಲೇ ಅದಕ್ಕೊಂದು ಜೋಕು ನೆನಪಾಗುತ್ತದೆ. ಕಾಗದದಲ್ಲಾದರೆ ಹೊಡೆದುಹಾಕಬಹುದು. ಈ ಪುಟಗಳಲ್ಲಿ ಅಲ್ಲಲ್ಲಿ ಗೀಚಿದ ಗುರುತು ಕಂಡರೆ, ಅಲ್ಲೊಂದು ಜೋಕು ತೀರಿಕೊಂಡಿದೆ ಎಂದು ತಿಳಿ.

ಮನೆಯ ಸಮಾಚಾರ ಒಂದೇ ಸಾಲು. ನಿಮ್ಮಪ್ಪ ನಮ್ಮಿಬ್ಬರ ಯುದ್ಧದಲ್ಲಿ ತಟಸ್ಥ ರಾಷ್ಟ್ರವೆಂದು ಘೋಷಿಸಿಕೊಂಡಿದ್ದಾರೆ. ಆದರೆ ಎಲ್ಲ ತಟಸ್ಥ ರಾಷ್ಟ್ರಗಳ ಹಾಗೆ ಅವರೂ ಗುಟ್ಟಾಗಿ ಒಂದು ಪಕ್ಷಕ್ಕೆ ಆಹಾರ ಸರಬರಾಜು ಮಾಡುತ್ತಿದ್ದಾರೆ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳಿಗೆ ಬರ ಬಂದಿದೆ. ನಿನ್ನ ಕ್ವಾರ್ಟರ್ಸಿನಲ್ಲಿ ಸುಗ್ಗಿ ಇರಬೇಕು.

ಒಂದೇ ಸಾಲು ಎಂದು ಐದು ಸಾಲು ಬರೆದೆ. ವಿಷಯಕ್ಕೆ ಬರುವುದನ್ನು ಮುಂದಕ್ಕೆ ಹಾಕುತ್ತಿದ್ದೇನೆ ಎಂಬುದು ನಿನಗೆ ಗೊತ್ತಾಗಿದೆ. ಸರಿ, ಮೊದಲಿನಿಂದಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡದೆ ಹೇಳುತ್ತೇನೆ. ಏಕೆಂದರೆ ನಿನಗೆ ಯಾವ್ಯಾವುದು ಗೊತ್ತಿತ್ತೋ ಅದರಲ್ಲಿ ಎಷ್ಟು ನನಗೂ ಗೊತ್ತಿತ್ತು ಎಂಬುದನ್ನು ನೀನು ಸಾಲು ಸಾಲಾಗಿ ನೋಡಬೇಕು.

ನಮ್ಮ ನೀರಿನ ಪರೀಕ್ಷಾಲಯದಲ್ಲಿ ನನ್ನ ಬೆನ್ನ ಹಿಂದೆ ನನಗೆ ಇಟ್ಟಿರುವ ಹೆಸರು 'ಎರಡು ನಿಮಿಷ ಮೇಡಂ'. ಎಲ್ಲೇ ನೀರಿನ ಮಾದರಿ ತೆಗೆಯಲು ಹೋಗಲಿ, ಮೊದಲು ನಲ್ಲಿ ತಿರುಗಿಸಿ ಗಡಿಯಾರ ನೋಡಿ ಎರಡು ನಿಮಿಷ ನೀರು ಹರಿಯಬಿಡಬೇಕು. ಆಮೇಲೆ ನಿಲ್ಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ನಲ್ಲಿಯ ಬಾಯಿ ಸುಡಬೇಕು. ಮತ್ತೆ ತಿರುಗಿಸಿ, ಆಗ ಬಾಟಲಿ ಹಿಡಿಯಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಊರಿನ ದೊಡ್ಡ ಶತ್ರು ವಾಂತಿಭೇದಿ. ರೋಗಾಣು ಕೊಳವೆಯೊಳಗಿನ ನೀರಿನದೋ, ಯಾರೋ ಕೊಳಕು ಕೈಯಿಂದ ಮುಟ್ಟಿದ ನಲ್ಲಿಯದೋ ಎಂದು ತಿಳಿಯಬೇಕಾದರೆ ಹೀಗೆ ಮಾಡದೆ ಗತಿಯಿಲ್ಲ. ನಾನು ಇದನ್ನು ಎಷ್ಟು ನಿಷ್ಠೆಯಿಂದ ಮಾಡಿದೆನೆಂದರೆ, ಮಾದರಿ ತೆಗೆಯುವುದರಲ್ಲಿ ನಾನೇ ಒಂದು ಮಾದರಿಯಾಗಿಬಿಟ್ಟೆ. ಬಂದ ಹೊಸಬರಿಗೆಲ್ಲ ನಾನೇ ಪಾಠ ಹೇಳಿದೆ. ಒಂದೂವರೆ ನಿಮಿಷಕ್ಕೆ ಬಾಟಲಿ ಹಿಡಿದ ಒಬ್ಬಳನ್ನು ಅಳಿಸಿದ್ದೂ ಇದೆ.

ಮುಂದೆ ನೀರಿನಲ್ಲಿ ಸೀಸವನ್ನೂ ಅಳೆಯಬೇಕೆಂದು ಆದೇಶ ಬಂತು. ಹೊಸ ಬಾಟಲಿ ಬಂತು, ಹೊಸ ಯಂತ್ರ ಬಂತು, ಹೊಸ ರಿಜಿಸ್ಟರ್ ಬಂತು. ನಲ್ಲಿಯ ಮುಂದೆ ನಾವು ನಿಲ್ಲುವ ರೀತಿ ಮಾತ್ರ ಹಳೆಯದೇ ಉಳಿಯಿತು.

ನಿಮ್ಮ ಕ್ಲಿನಿಕ್ಕಿನ ಹಿಂದಿನ ಬೀದಿಯ ಆ ಹಳೆಯ ಪ್ರಾಥಮಿಕ ಶಾಲೆಗೆ ಹನ್ನೊಂದು ವರ್ಷ ವರ್ಷಕ್ಕೊಂದು ಸಲ ನಾನೇ ಹೋಗಿದ್ದೇನೆ. ಬೆಳಗ್ಗೆ ಹನ್ನೊಂದು ಗಂಟೆಗೆ. ಅಷ್ಟು ಹೊತ್ತಿಗೆ ಜೀಪು ಸಿಗುತ್ತದೆ, ಮುಖ್ಯ ಶಿಕ್ಷಕಿ ಪುರುಸೊತ್ತಾಗಿರುತ್ತಾರೆ. ಎರಡು ನಿಮಿಷ, ಬೆಂಕಿ, ಬಾಟಲಿ. ಒಂದು ಲೀಟರಿನಲ್ಲಿ ಸೀಸ ಹತ್ತು ಮೈಕ್ರೋಗ್ರಾಮ್ ದಾಟಬಾರದು. ಅಲ್ಲಿ ಎಂದೂ ಮೂರು ದಾಟಿದ್ದಿಲ್ಲ. 'ಕುಡಿಯಲು ಯೋಗ್ಯ' ಎಂದು ಸರ್ಟಿಫಿಕೇಟು ಬರೆದು ಸಹಿ ಹಾಕಿದೆ. ಅವರು ಅದಕ್ಕೆ ಗಾಜು ಹಾಕಿಸಿ ನಲ್ಲಿಯ ಮೇಲೆಯೇ ತೂಗುಹಾಕಿದರು. ನನ್ನ ಸಹಿಗೆ ಸಿಕ್ಕಿದ ಚೌಕಟ್ಟು ಅದೊಂದೇ. ನನಗೆ ಹೆಮ್ಮೆಯಾಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ನೀನು ಆ ಕ್ಲಿನಿಕ್ಕಿಗೆ ಬಂದೆ. ಹೊಟ್ಟೆನೋವು, ರಕ್ತ ಕಡಿಮೆ, ನಿನ್ನೆ ಕಲಿತದ್ದು ಇವತ್ತು ನೆನಪಿಲ್ಲ ಎನ್ನುವ ಮಕ್ಕಳು ಅದೊಂದೇ ಶಾಲೆಯಿಂದ ಬರುತ್ತಿದ್ದಾರೆ ಎಂದು ಊಟದ ಹೊತ್ತಿಗೆ ನನ್ನ ಹತ್ತಿರ ಹೇಳಿದ್ದೆ. ಹುಳುವಿನ ಮಾತ್ರೆ ಕೊಡು ಎಂದು ನಾನು ಡಾಕ್ಟರಿಗೇ ಡಾಕ್ಟರಿಕೆ ಹೇಳಿಕೊಟ್ಟೆ. ನೀನು ಕೇಳದೆ ಆರು ಮಕ್ಕಳ ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದೆ. ಆರರಲ್ಲೂ ಸೀಸ ಬಂತು. ಆಗ ಒಂದು ದಿನ ಬೆಳಗ್ಗೆ ಏಳಕ್ಕೆ ನೀನೇ ಶಾಲೆಗೆ ಹೋಗಿ, ಕೈಗೆ ಸಿಕ್ಕ ಕೆಮ್ಮಿನ ಔಷಧಿಯ ಖಾಲಿ ಬಾಟಲಿ ತೊಳೆದು, ನಲ್ಲಿಯ ನೀರು ತುಂಬಿಸಿಕೊಂಡು ಬಂದು ನನ್ನ ಕೈಗಿಟ್ಟೆ. ಅಮ್ಮ, ಇದನ್ನೊಂದು ನೋಡು ಅಂದೆ. ಅಂಥ ಬಾಟಲಿ ಪರೀಕ್ಷೆಗೆ ನಡೆಯುವುದಿಲ್ಲ ಎಂದು ನಾನು ಅದನ್ನು ಪಕ್ಕಕ್ಕಿಟ್ಟೆ.

ಇನ್ನು ಆ ಸಭೆ. ನೀರು ಸಮಿತಿಯ ಸಭೆಯಷ್ಟು ನೀರಸ ಸಭೆ ಊರಿನಲ್ಲಿ ಇನ್ನೊಂದಿಲ್ಲ. ಹನ್ನೆರಡು ಕುರ್ಚಿ, ಒಂದು ಫ್ಯಾನು, ಪ್ರತಿ ಕುರ್ಚಿಯ ಮುಂದೆ ಸೀಲು ಮಾಡಿದ ನೀರಿನ ಬಾಟಲಿ. ಊರ ನೀರಿನ ಮೇಲೆ ಸಮಿತಿಗೆ ಎಷ್ಟು ವಿಶ್ವಾಸ ಎಂಬುದಕ್ಕೆ ಅಷ್ಟು ಸಾಕು. ನೀನು ಎದ್ದು ನಿಂತು, ರಕ್ತದ ವರದಿಗಳನ್ನು ಹಂಚಿ, ಆ ಶಾಲೆಯ ನಲ್ಲಿಗಳನ್ನು ತಕ್ಷಣ ಮುಚ್ಚಬೇಕೆಂದು ಕೇಳಿದೆ. ಧ್ವನಿ ಏರಿಸಲಿಲ್ಲ, ತಡವರಿಸಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಾನು ಹನ್ನೊಂದು ವರ್ಷದ ವರದಿಗಳನ್ನು ಮೇಜಿನ ಮೇಲೆ ಬೀಸಣಿಗೆಯ ಹಾಗೆ ಹರಡಿದೆ. ಮಕ್ಕಳ ರಕ್ತಕ್ಕೆ ಸೀಸ ಗೋಡೆಯ ಬಣ್ಣದಿಂದ ಬರಬಹುದು, ಹಳೆಯ ಬ್ಯಾಟರಿಯಿಂದ ಬರಬಹುದು, ನೀರಿನಿಂದ ಮಾತ್ರ ಅಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿನ್ನ ಬಾಟಲಿಯನ್ನು ಚೀಲದಿಂದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ಡಾಕ್ಟರಮ್ಮ ತಂದ ಈ ಸ್ಯಾಂಪಲ್ಲಲ್ಲಿ ಸೀಸ ಸಿಗದೇ ಹೋದ್ರೂ ಕೆಮ್ಮಾದ್ರೂ ವಾಸಿಯಾಗುತ್ತೆ."

ಹನ್ನೆರಡು ಕುರ್ಚಿಗಳೂ ನಕ್ಕವು. ಕೊಳವೆ ವಿಭಾಗದ ಇಂಜಿನಿಯರು, ನೀನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ನಿನ್ನ 'ಪೈಪ್ ಮಾಮ', ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ನೆರೆದ ಸಭೆಯಲ್ಲಿ ಹೆತ್ತ ಮಗಳ ನೀರಿಳಿಸಿದ ನೀರಿನ ಅಧಿಕಾರಿ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನೀನು ಕೂರಲಿಲ್ಲ. ನಗು ಇಳಿಯುವವರೆಗೆ ಕಾದು, ನೋಟ್‌ಬುಕ್ ತೆರೆದು ಓದಿದೆ. ಎಲ್ಲರಿಗಿಂತ ಬೇಗ ಬರುವ 'ಗುಬ್ಬಿ'ಯಿಂದ ಹಿಡಿದು, ಯಾವ ಮಗು ಶಾಲೆಗೆ ಎಷ್ಟು ಗಂಟೆಗೆ ಬರುತ್ತದೆ ಎಂದೆಲ್ಲ ಬರೆದುಕೊಂಡಿದ್ದೆ. ಯಾವ ಡಾಕ್ಟರು ಅದನ್ನು ಕೇಳುತ್ತಾರೆ! ನೀನು ಕೇಳಿದ್ದೆ.

"ಬೇಗ ಬರೋ ಮಕ್ಕಳ ರಕ್ತದಲ್ಲೇ ಜಾಸ್ತಿ ಇದೆ. ಯಾಕೆ ಅಂತ ನಂಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು ಅಂದ್ಕೊಂಡಿದ್ದೆ."

ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಎಂದವಳು ಅವತ್ತು 'ನಿಮಗೆ' ಅಂದೆ.

ನಾನು ಅದಕ್ಕೂ ಒಂದು ಜೋಕು ಹೇಳಿದೆ, ನಿನಗೆ ನೆನಪಿರಬಹುದು. ಹಾಗಾದರೆ ಮಕ್ಕಳ ಆರೋಗ್ಯದ ದೃಷ್ಟಿಯಿಂದ ಎಲ್ಲರೂ ಶಾಲೆಗೆ ತಡವಾಗಿ ಬರತಕ್ಕದ್ದು ಎಂದು ಸುತ್ತೋಲೆ ಹೊರಡಿಸೋಣವೇ, ಎಂದೆ. ಪುಟ್ಟಿ, ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆ ವಾಕ್ಯ ಶುರು ಮಾಡಿದಾಗ ನನಗೆ ಏನೂ ತಿಳಿದಿರಲಿಲ್ಲ. 'ಹೊರಡಿಸೋಣವೇ' ಎಂಬಲ್ಲಿಗೆ ಬರುವಷ್ಟರಲ್ಲಿ ಎಲ್ಲ ತಿಳಿದುಬಿಟ್ಟಿತ್ತು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು. ಕೊಳವೆ ಸೀಸದ್ದಾದರೆ ನಿಂತಷ್ಟು ಹೊತ್ತೂ ನೀರಿಗೆ ಸೀಸ ಬಿಡುತ್ತಲೇ ಇರುತ್ತದೆ. ಬೆಳಗ್ಗೆ ಮೊದಲು ಬಂದ ಮಕ್ಕಳು ನಲ್ಲಿಗೆ ಬಾಯಿ ಇಟ್ಟು ಕುಡಿಯುವುದು ಆ ನೀರನ್ನೇ. ಹತ್ತೂವರೆಯ ಹೊತ್ತಿಗೆ ಅದೆಲ್ಲ ಮುಗಿದು ಹೊಸ ನೀರು ಬಂದಿರುತ್ತದೆ. ಹನ್ನೊಂದಕ್ಕೆ ನಾನು ಜೀಪಿನಿಂದ ಇಳಿಯುತ್ತೇನೆ. ಇಳಿದು, ಇನ್ನೂ ಏನಾದರೂ ಉಳಿದಿದ್ದರೆ ಅದನ್ನೂ ಎರಡು ನಿಮಿಷ ಚರಂಡಿಗೆ ಬಿಟ್ಟು, ಆಮೇಲೆ ಬಾಟಲಿ ಹಿಡಿಯುತ್ತೇನೆ.

ಸಭೆ ಎರಡನೇ ಸಲ ನಗುತ್ತಿತ್ತು. ನಾನು ಬಾಯಿ ತೆರೆದರೆ ಅದನ್ನು ನಿಲ್ಲಿಸಬಹುದಿತ್ತು. ನಾನೂ ನಕ್ಕೆ.

ಮೇಲೆ ಒಂದು ಕಡೆ, ನಿನ್ನ ಬಾಟಲಿಯನ್ನು ಪಕ್ಕಕ್ಕಿಟ್ಟೆ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನಾನು ಸುಳ್ಳನ್ನು ಎಷ್ಟು ಸಲೀಸಾಗಿ ಬರೆಯುತ್ತೇನೆಂದು ನಿನಗೆ ಕಾಣಲಿ. ನಾನು ಅದನ್ನು ಪರೀಕ್ಷೆ ಮಾಡಿದ್ದೆ, ಪುಟ್ಟಿ. ನೀನು ಕೊಟ್ಟ ದಿನವೇ, ಎಲ್ಲರೂ ಊಟಕ್ಕೆ ಹೋದಾಗ. ಎಂಬತ್ತನಾಲ್ಕು ಬಂತು. ಸೀಸೆಯದೇ ಸೀಸ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಆ ಶ್ಲೇಷೆಗೆ ನಾನೇ ನಕ್ಕು, ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟೆ. ಅಂಥದೇ ಬಾಟಲಿಯಲ್ಲಿ ಶುದ್ಧ ನೀರು ತುಂಬಿಸಿ ಒಮ್ಮೆ ನೋಡಿದ್ದರೆ ತಪ್ಪು ಬಾಟಲಿಯದೋ ನೀರಿನದೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಮ್ಮಲ್ಲಿ ಮೊದಲ ವಾರ ಸೇರಿದವರೂ ಅದನ್ನು ಮಾಡುತ್ತಾರೆ. ನಾನು ಮಾಡಲಿಲ್ಲ. ಸಭೆಯಲ್ಲಿ ನಾನು ಎತ್ತಿ ಹಿಡಿದು ನಗಿಸಿದ ಬಾಟಲಿಯ ಉತ್ತರ ನನ್ನ ಜೇಬಿನಲ್ಲಿ ಚೀಟಿಯಾಗಿ ಮಡಚಿಕೊಂಡಿತ್ತು.

ಸಭೆ ಮುಗಿದ ಮಾರನೆಯ ದಿನ ಆ ಶುದ್ಧ ನೀರಿನ ಪರೀಕ್ಷೆಯನ್ನು ಮಾಡಿದೆ. ಸೊನ್ನೆ ಬಂತು. ಬಾಟಲಿ ನಿರಪರಾಧಿ.

ಆಮೇಲೆ ಏನು ಮಾಡಿದೆ ಎಂದು ಕೇಳು. ಏನೂ ಮಾಡಲಿಲ್ಲ. ದೊಡ್ಡ ರಜೆ ಶುರುವಾಗಲು ಆಗ ಇನ್ನೂ ಹದಿಮೂರು ಶಾಲಾ ದಿನಗಳಿದ್ದವು. ಆ ಹದಿಮೂರನ್ನು ನಾನು ಒಂದೊಂದಾಗಿ ಎಣಿಸಿದ್ದೇನೆ. ದಿನಾ ಬೆಳಗ್ಗೆ ಏಳು ಗಂಟೆಗೆ ಕಾಫಿ ಲೋಟ ಹಿಡಿದುಕೊಂಡು, ಈಗ ಅಲ್ಲಿ ಮೊದಲ ಮಗು ನಲ್ಲಿ ತಿರುಗಿಸುತ್ತಿದೆ ಎಂದು ಅಂದುಕೊಳ್ಳುತ್ತಿದ್ದೆ. ಅಂದುಕೊಂಡು ಕಾಫಿ ಕುಡಿಯುತ್ತಿದ್ದೆ. ಒಂದು ದಿನ ಅಧ್ಯಕ್ಷರಿಗೆ ಪತ್ರ ಬರೆದು ಹರಿದೆ. ಇನ್ನೊಂದು ದಿನ ನಿನಗೆ ಫೋನ್ ಮಾಡಿದೆ, ನೀನು 'ಹೂಂ' ಅಂದೆ, ನಾನು ಹವಾಮಾನದ ಬಗ್ಗೆ ಮಾತಾಡಿದೆ. ನಿವೃತ್ತಿಗೆ ಒಂದು ವರ್ಷ ಉಳಿದಿದೆ, ಹನ್ನೊಂದು ಸಹಿಗಳಿವೆ, ಇಡೀ ಪರೀಕ್ಷಾಲಯಕ್ಕೆ ಪಾಠ ಹೇಳಿದ ಹೆಂಗಸು ನಾನು. ಕಾರಣಗಳಿಗೇನು, ಬೇಕಾದಷ್ಟಿದ್ದವು. ಅವನ್ನೆಲ್ಲ ಇವತ್ತು ತೊಳೆದು ಬೆಳಕಿಗೆ ಹಿಡಿದರೆ ತಳದಲ್ಲಿ ಉಳಿಯುವುದು ಒಂದೇ. ನೀನು ಸರಿ, ನಾನು ತಪ್ಪು ಎಂದು, ನಕ್ಕ ಅದೇ ಹನ್ನೆರಡು ಕುರ್ಚಿಗಳ ಮುಂದೆ ಹೇಳಲು ನಾಚಿಕೆ. ರಜೆ ಬಂದಾಗ, ಅಬ್ಬ, ಸದ್ಯಕ್ಕೆ ಮಕ್ಕಳು ಮನೆಯಲ್ಲಿದ್ದಾರೆ ಎಂದು ನಿದ್ದೆ ಮಾಡಿದೆ ಕೂಡ.

ಆದರೆ ರಜೆಗೆ ಒಂದು ಕೊನೆ ಇರುತ್ತದಲ್ಲ. ಆರು ವಾರ ಬೀಗ ಹಾಕಿದ ಶಾಲೆ. ಆರು ವಾರ ಅಲ್ಲಾಡದೆ ಕೊಳವೆಯಲ್ಲಿ ನಿಂತ ನೀರು. ಒಂದು ರಾತ್ರಿ ನಿಂತದ್ದೇ ಎಂಬತ್ತನಾಲ್ಕಾದರೆ ಇದು ಎಷ್ಟಾಗಬಹುದು ಎಂಬ ಲೆಕ್ಕ ಹಾಕಲು ರಸಾಯನಶಾಸ್ತ್ರದ ಪದವಿ ಬೇಡ.

ಮೊನ್ನೆ ಸೋಮವಾರ ಶಾಲೆ ತೆರೆಯುವ ದಿನ, ಜೀಪಿಗೆ ಕಾಯದೆ, ಬಾಟಲಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸು ಹತ್ತಿದೆ. ಆರೂವರೆಗೆ ಗೇಟಿನ ಬಳಿ ಇದ್ದೆ. ಕಾವಲುಗಾರ ನನ್ನನ್ನು ಹೊಸ ಟೀಚರ್ ಎಂದುಕೊಂಡು ಬಾಗಿಲು ತೆಗೆದ. ನಲ್ಲಿಕಟ್ಟೆಯ ಮುಂದೆ ಪೆಟ್ಟಿಗೆ ಬಿಚ್ಚಿ ನಿಂತೆ. ಅಭ್ಯಾಸಬಲ ನೋಡು, ಎಡಗೈ ತಾನಾಗಿಯೇ ಗಡಿಯಾರದ ಕಡೆ ತಿರುಗಿತು. ಅದನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಹಾಕಿ, ನಲ್ಲಿ ತಿರುಗಿಸಿದ ಕೂಡಲೇ ಬಂದ ನೀರಿಗೆ ಮೊದಲ ಬಾಟಲಿ ಹಿಡಿದೆ. ಮೂವತ್ತೈದು ವರ್ಷಗಳ ಕೆಲಸದಲ್ಲಿ ಮೊದಲ ಸಲ.

ಹೋಲಿಸಲೆಂದು ಎರಡು ನಿಮಿಷ ನೀರು ಬಿಟ್ಟು ಹಿಡಿದ ಎರಡನೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ಹಿಂದೆ ಯಾರೋ ನಿಂತಿದ್ದಾರೆ ಎನ್ನಿಸಿತು. ಏಳು ವರ್ಷದ ಹುಡುಗಿ, ಹಲ್ಲು ಬಿದ್ದ ಬಾಯಿ, ಕೈಯಲ್ಲಿ ಖಾಲಿಯಾದ ನೀರಿನ ಬಾಟಲಿ. ಅವಳ ಅಪ್ಪ ಬಸ್ ಡ್ರೈವರಂತೆ. ಡ್ಯೂಟಿಗೆ ಹೋಗುವಾಗ ಅವಳನ್ನು ದಿನವೂ ಎಲ್ಲರಿಗಿಂತ ಮೊದಲು ಇಳಿಸಿ ಹೋಗುತ್ತಾರಂತೆ. ನಿನ್ನ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿದ್ದ 'ಗುಬ್ಬಿ' ಇವಳೇ ಎಂದು ನನಗೆ ಆಗಲೇ ತಿಳಿಯಿತು. ನನ್ನ ಪಕ್ಕದಿಂದ ನುಸುಳಿ ನಲ್ಲಿಗೆ ಕೈ ಹಾಕಿದಳು. ಕುಡಿಯಬೇಡ ಮರಿ ಎಂದೆ. ಡಾಕ್ಟರಕ್ಕನೂ ಹಾಗೇ ಹೇಳಿದ್ದಾರೆ, ಮನೆಯಿಂದಲೇ ನೀರು ತಾ ಅಂದಿದ್ದಾರೆ, ತಂದಿದ್ದೆ, ಬಸ್ಸಿನಲ್ಲೇ ಕುಡಿದು ಮುಗಿಯಿತು ಎಂದು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದಳು. ಆಮೇಲೆ ನನಗೆ ಓದು ಬರುವುದಿಲ್ಲವೇನೋ ಎಂಬ ಕನಿಕರದಿಂದ ಗೋಡೆಯ ಕಡೆ ಬೆರಳು ತೋರಿಸಿದಳು.

"ಅಲ್ಲಿ ನೋಡಿ, ಕುಡಿಯಲು ಯೋಗ್ಯ ಅಂತ ಬರ್ದಿದೆ. ನೀರಿನ ಮೇಡಂ ಸೈನ್ ಮಾಡಿದಾರೆ."

ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಯೋಗ್ಯ ಎಂಬ ಒತ್ತಕ್ಷರಕ್ಕೆ ಸ್ವಲ್ಪ ಹೊತ್ತು ನಿಂತಳು, ಆದರೆ ಬಿಡಲಿಲ್ಲ. ಓದಿ ಮುಗಿಸಿ, ಗೆದ್ದವಳ ಹಾಗೆ ನನ್ನನ್ನು ನೋಡಿದಳು. ನಾನು ಕಟ್ಟೆ ಹತ್ತಿ ಆ ಚೌಕಟ್ಟನ್ನು ಮೊಳೆಯಿಂದ ಬಿಡಿಸಿದೆ. ಅವಳಿಗೆ ಗಾಬರಿಯಾಯಿತು. ಅದನ್ನು ಯಾರೂ ಮುಟ್ಟಬಾರದು, ಹೆಡ್‌ಮಿಸ್ ಬೈತಾರೆ, ನೀವ್ಯಾರು ತೆಗೆಯೋಕೆ ಎಂದು ಜೋರು ಮಾಡಿದಳು. ನೀರಿನ ಮೇಡಂ ನಾನೇ ಎಂದು ಹೇಳಬೇಕಾಯಿತು.

"ಮತ್ತೆ ಯಾಕೆ ಹಂಗೆ ಬರ್ದ್ರಿ?"

ಪುಟ್ಟಿ, ಎದುರುತ್ತರಕ್ಕೆ ಎಂದೂ ತಡಕಾಡದವಳು ನಾನು. ಅವತ್ತು ಜೋಕಿಗೆ ಕೈ ಹಾಕಲಿಲ್ಲ. ತಪ್ಪು ಮಾಡಿದೆ ಮರಿ ಎಂದೆ. ಅವಳು ಅದನ್ನು ಬಹಳ ಮಾಮೂಲಿಯಾಗಿ ತೆಗೆದುಕೊಂಡಳು. ಶಾಲೆಯಲ್ಲಿ ಇರುವವರಿಗೆ ತಪ್ಪು ಬರೆಯುವುದು ದಿನದ ಮಾತು. ಹಾಗಾದರೆ ರಬ್ಬರಲ್ಲಿ ಅಳಿಸಿ ಸರಿ ಬರೀರಿ ಎಂದು ಬುದ್ಧಿ ಹೇಳಿದಳು. ನಾನು ಕುಡಿಯಲು ಮನೆಯಿಂದ ತಂದಿದ್ದ ನೀರನ್ನು ಅವಳಿಗೆ ಕೊಟ್ಟೆ. ಕುಡಿಯುತ್ತ ಕುಡಿಯುತ್ತ ಇನ್ನೊಂದು ಸುದ್ದಿ ಕೊಟ್ಟಳು: ರಜೆಯಲ್ಲಿ ಡಾಕ್ಟರಕ್ಕ ಮತ್ತೆ ಸೂಜಿ ಚುಚ್ಚಿ ನೋಡಿದರು, ನಂದು ಅರ್ಧಕ್ಕಿಂತ ಕೆಳಗೆ ಇಳಿದಿದೆಯಂತೆ, ಹೊಟ್ಟೆನೋವೂ ಇಲ್ಲ, ಮಗ್ಗಿ ಏಳರವರೆಗೆ ಬರುತ್ತೆ. ಕೇಳದೆಯೇ ಏಳರ ಮಗ್ಗಿ ಹೇಳಿದಳು. ಏಳೆಂಟಲ ಐವತ್ತಾರು ಎಂಬಲ್ಲಿ ನಾನು ನಲ್ಲಿಯ ಕಡೆ ತಿರುಗಿ ನಿಂತುಕೊಂಡೆ. ಕಣ್ಣಿನಿಂದ ಬಂದ ಮಾದರಿ ಪರೀಕ್ಷೆಗೆ ಯೋಗ್ಯವಲ್ಲ.

ಮುಖ್ಯ ಶಿಕ್ಷಕಿ ಏಳೂಕಾಲಿಗೆ ಬಂದರು. ಅವರಿಗೆ ಹೇಳಿ, ನಾವಿಬ್ಬರೂ ಸೇರಿ ನಾಲ್ಕೂ ನಲ್ಲಿಗಳಿಗೆ ಬಟ್ಟೆ ಸುತ್ತಿ ಕಟ್ಟಿದೆವು. ಬೀದಿಯಾಚೆಯ ಕೊಳವೆಬಾವಿಯಿಂದ ಕ್ಯಾನುಗಳಲ್ಲಿ ನೀರು ತರಿಸಿದರು. ಆ ನೀರಿನಲ್ಲಿ ಸೀಸವಿಲ್ಲ, ಅದನ್ನೂ ಅವತ್ತೇ ನೋಡಿದೆ. ಸಂಜೆಯೊಳಗೆ ಫಲಿತಾಂಶ ಬಂತು. ನಲ್ಲಿ ತಿರುಗಿಸಿದ ಕೂಡಲೇ ಹಿಡಿದ ನೀರು: ಇನ್ನೂರ ಹನ್ನೆರಡು. ಎರಡು ನಿಮಿಷ ಬಿಟ್ಟು ಹಿಡಿದ ನೀರು: ಮೂರು.

ನಿನ್ನೆ ಮಂಗಳವಾರ ತುರ್ತು ಸಭೆ ಕರೆಯಲು ಕೇಳಿಕೊಂಡೆ. ಅದೇ ಕುರ್ಚಿಗಳು, ಅದೇ ಫ್ಯಾನು. ಎರಡು ಬಾಟಲಿಗಳನ್ನೂ ಪಕ್ಕಪಕ್ಕ ಇಟ್ಟು ಅಂಕಿಗಳನ್ನು ಓದಿದೆ. ಅಧ್ಯಕ್ಷರು ಗೊಂದಲಕ್ಕೆ ಬಿದ್ದು, ಇವೆರಡರಲ್ಲಿ ತಪ್ಪು ಯಾವುದು ಎಂದರು.

"ಎರಡೂ ಸರಿ ಸಾರ್. ನಾವು ಎರಡನೇದನ್ನ ಪರೀಕ್ಷೆ ಮಾಡ್ತಿದ್ವಿ. ಮಕ್ಕಳು ಮೊದಲನೇದನ್ನ ಕುಡೀತಿದ್ರು."

ಯಾರೂ ನಗಲಿಲ್ಲ. ಪೈಪ್ ಮಾಮ ನನ್ನನ್ನು ಉಳಿಸಲು ಎದ್ದು ನಿಂತರು ಪಾಪ. ಇದು ವಿಧಾನದ ದೋಷ, ವ್ಯಕ್ತಿಯ ದೋಷವಲ್ಲ, ಮೇಡಂ ನಿನ್ನೆ ಕಂಡುಹಿಡಿದು ಇವತ್ತೇ ತಿಳಿಸಿದ್ದಾರೆ, ಅವರನ್ನು ಅಭಿನಂದಿಸಬೇಕು ಎಂದರು. ಅಭಿನಂದನೆ! ಒಂದು ಗಳಿಗೆ, ಪುಟ್ಟಿ, ನಿಜ ಹೇಳುತ್ತೇನೆ, ಆ ದಾರಿ ಬಹಳ ಚೆನ್ನಾಗಿ ಕಂಡಿತು. ಸುಮ್ಮನೆ ತಲೆ ತಗ್ಗಿಸಿ ಕೂತಿದ್ದರೆ ಸಾಕಿತ್ತು, ಕೊಳವೆಯೂ ಬದಲಾಗುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅಧ್ಯಕ್ಷರು ಕಾರ್ಯದರ್ಶಿಗೆ ಬರೆದುಕೊಳ್ಳಲು ಹೇಳಿ, ನನ್ನನ್ನು ನೇರವಾಗಿ ಕೇಳಿದರು, ಇದು ನಿಮಗೆ ಯಾವಾಗ ಗೊತ್ತಾಯಿತು ಎಂದು. ಆ ಪ್ರಶ್ನೆಗೆ 'ನಿನ್ನೆ' ಎಂದರೆ, ಎರಡು ತಿಂಗಳ ಹಿಂದೆ ನೀನು ಬಂದು ಹೇಳಿದ್ದು ಯಾವ ಪುಸ್ತಕದಲ್ಲೂ ಉಳಿಯುತ್ತಿರಲಿಲ್ಲ. ನೀನು ಕೆಮ್ಮಿನ ಬಾಟಲಿಯ ಡಾಕ್ಟರಮ್ಮನಾಗಿಯೇ ಉಳಿಯುತ್ತಿದ್ದೆ. ನಾಳೆ ಇನ್ನೊಂದು ಶಾಲೆಯ ವಿಷಯಕ್ಕೆ ನೀನು ಎದ್ದು ನಿಂತರೆ ಈ ಹನ್ನೆರಡು ಜನ ಮೊದಲು ಆ ನಗುವನ್ನೇ ನೆನೆಸಿಕೊಳ್ಳುತ್ತಿದ್ದರು.

"ಇದೇ ಕೋಣೇಲಿ ಗೊತ್ತಾಯ್ತು ಸಾರ್. ಹಿಂದಿನ ಸಭೇಲಿ, ನಾನು ಜೋಕ್ ಹೇಳ್ತಾ ಇರೋವಾಗ."

ಆಮೇಲೆ ಎಲ್ಲ ಹೇಳಿದೆ. ಎಂಬತ್ತನಾಲ್ಕು, ಜೇಬಿನ ಚೀಟಿ, ಸೊನ್ನೆ, ಹದಿಮೂರು ದಿನ. ಹನ್ನೊಂದೂ ಸರ್ಟಿಫಿಕೇಟುಗಳನ್ನು ಹಿಂದಕ್ಕೆ ಪಡೆಯುತ್ತೇನೆಂದು ಬರೆದುಕೊಟ್ಟೆ. ಪೈಪ್ ಮಾಮ ಅಷ್ಟು ಹೊತ್ತೂ ಕನ್ನಡಕ ಒರೆಸುತ್ತಲೇ ಇದ್ದರು. ಈ ಸಲ ನಗುವಿಗಲ್ಲ.

ನನ್ನ ಮೇಲೆ ವಿಚಾರಣೆ ನಡೆಯುತ್ತದೆ. ನಡೆಯಬೇಕಾದದ್ದೇ. ಅದು ಮುಗಿಯುವವರೆಗೆ ನನಗೆ ಸಹಿ ಹಾಕುವ ಅಧಿಕಾರವಿಲ್ಲ. ಬಾಟಲಿ ಹಿಡಿಯುವ ಅಧಿಕಾರ ಇದೆ, ನಾನು ಹಟ ಮಾಡಿ ಅದೊಂದನ್ನು ಉಳಿಸಿಕೊಂಡೆ. ಮಧ್ಯಾಹ್ನವೇ ಪೈಪ್ ಮಾಮ ಜನರನ್ನು ಕಟ್ಟಿಕೊಂಡು ಶಾಲೆಗೆ ಹೋಗಿ ಅಗೆಸಿದರು. ಗೇಟಿನಿಂದ ನಲ್ಲಿಕಟ್ಟೆಯವರೆಗೆ ನಲವತ್ತು ಹೆಜ್ಜೆ ಉದ್ದದ ಸೀಸದ ಕೊಳವೆ, ಕಟ್ಟಡದಷ್ಟೇ ಹಳೆಯದು, ಯಾವ ನಕ್ಷೆಯಲ್ಲೂ ಇಲ್ಲ. ಈ ವಾರವೇ ಕಿತ್ತು ಹೊಸದು ಹಾಕುತ್ತಾರೆ. ಗುಬ್ಬಿ ಗುಂಡಿಯ ಅಂಚಿನಲ್ಲಿ ನಿಂತು ಕೆಲಸದವರಿಗೆಲ್ಲ ಮೇಲ್ವಿಚಾರಣೆ ಮಾಡುತ್ತಿದ್ದಳೆಂದು ಕೇಳಿದೆ.

ಇಷ್ಟು ನಿನಗೆ ತಿಳಿಸಬೇಕಾದದ್ದು. ಇನ್ನೊಂದು, ಕೇಳಬೇಕಾದದ್ದು.

ಊರಿನಲ್ಲಿ ಅಷ್ಟೇ ಹಳೆಯ ಶಾಲೆಗಳು ಇನ್ನೂ ಮೂವತ್ತೊಂದಿವೆ. ಎಲ್ಲ ಕಡೆಯೂ ಬೆಳಗಿನ ಮೊದಲ ನೀರನ್ನೇ ಹಿಡಿದು ನೋಡಬೇಕು, ಜೊತೆಗೆ ಅಲ್ಲಿಯ ಮಕ್ಕಳ ರಕ್ತವನ್ನೂ ನೋಡಬೇಕು ಎಂದು ಸಮಿತಿ ಒಪ್ಪಿದೆ. ನೀರಿನವರು ನೀರನ್ನೇ, ಡಾಕ್ಟರು ಮಕ್ಕಳನ್ನೇ ನೋಡುತ್ತ ಹೋದದ್ದರಿಂದ ಹನ್ನೊಂದು ವರ್ಷ ಕಳೆಯಿತು ಎಂಬುದು ಅವರಿಗೂ ಅರ್ಥವಾಗಿದೆ. ಆದರೆ ಒಂದು ಷರತ್ತು: ತಂಡದ ಮುಖ್ಯಸ್ಥರು ಮಕ್ಕಳ ಡಾಕ್ಟರೇ ಆಗಿರಬೇಕು, ನಾಳೆಯೊಳಗೆ ಒಪ್ಪಿಗೆ ಬರಬೇಕು. ಎಲ್ಲರೂ ನನ್ನ ಮುಖ ನೋಡಿದರು. ನಿಮ್ಮ ಮಗಳೇ ಅಲ್ಲವೇ, ಒಪ್ಪುತ್ತಾರೆ ಎಂದು ಬರೆದುಕೊಳ್ಳೋಣವೇ ಎಂದರು. ಅವಳ ಪರವಾಗಿ ಈ ಕೋಣೆಯಲ್ಲಿ ಒಮ್ಮೆ ಮಾತಾಡಿ ಆಗಿದೆ, ಅವಳನ್ನೇ ಕೇಳಬೇಕು ಎಂದೆ.

ಆದ್ದರಿಂದ ಕೇಳುತ್ತಿದ್ದೇನೆ. ನನಗಾಗಿ ಒಪ್ಪಬೇಡ. ನನ್ನ ಮೇಲಿನ ಸಿಟ್ಟು ನಿನ್ನದು, ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೋ. ಅದನ್ನು ನೀನು ನ್ಯಾಯವಾಗಿ ಸಂಪಾದಿಸಿದ್ದೀಯ. ಮೂವತ್ತೊಂದು ಶಾಲೆಗಳಲ್ಲಿ ಎಲ್ಲರಿಗಿಂತ ಮೊದಲು ಬರುವ ಒಂದೊಂದು ಗುಬ್ಬಿ ಇರುತ್ತದೆ. ಎಷ್ಟು ಗಂಟೆಗೆ ಬರ್ತೀಯ ಮರಿ ಎಂದು ಕೇಳುವುದು ಈ ಊರಿನಲ್ಲಿ ನಿನ್ನೊಬ್ಬಳಿಗೇ ಹೊಳೆದದ್ದು. ನೀನು ಒಪ್ಪಿದರೆ ನಾನು ನಿನ್ನ ಕೈಕೆಳಗಿನವಳು. ಬೆಳಗ್ಗೆ ಆರೂವರೆಗೆ ಗೇಟಿನ ಮುಂದೆ ಇರುತ್ತೇನೆ, ಹೇಳಿದಷ್ಟು ಬಾಟಲಿ ಹಿಡಿಯುತ್ತೇನೆ, ಕೇಳದೆ ಜೋಕು ಹೇಳುವುದಿಲ್ಲ. ಕೊನೆಯದಕ್ಕೆ ಮಾತ್ರ ಪ್ರಮಾಣಪತ್ರ ಕೊಡಲಾರೆ. ನನ್ನ ಪ್ರಮಾಣಪತ್ರಗಳಿಗೆ ಈಗ ಮಾರುಕಟ್ಟೆಯೂ ಇಲ್ಲ.

ನೀನು ಅವತ್ತು 'ನಿಮಗೆ' ಎಂದದ್ದು ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಬೈಯುವುದಾದರೆ ಏಕವಚನದಲ್ಲೇ ಬೈ.

ಇಷ್ಟು ಸಾಲು ಗೀಚಿ, ಐದು ಜೋಕುಗಳನ್ನು ಕೊಂದು, ಉಳಿದದ್ದನ್ನು ನಿನ್ನ ಕೈಗೆ ಒಪ್ಪಿಸಿರುವ

ನಿನ್ನ ಅಮ್ಮ

ಮತ್ತೊಂದು ಮಾತು: ಇದನ್ನು ಅಂಚೆಗೆ ಹಾಕುತ್ತಿಲ್ಲ. ಎಂಟು ಗಂಟೆಯಿಂದ ನಿನ್ನ ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ, ಅಳುವ ಎರಡು ಮಕ್ಕಳ ನಡುವೆ ಕುಳಿತೇ ಬರೆದದ್ದು. ಟೋಕನ್ ನಂಬರ್ ಮೂವತ್ತನಾಲ್ಕು. ಚೀಟಿ ಕೊಡುವವಳು ಮಗುವಿನ ವಯಸ್ಸು ಕೇಳಿದಳು. ಐವತ್ತೊಂಬತ್ತು ಎಂದೆ. ತಲೆಯೆತ್ತಿ ನೋಡಿ, ಏನು ತೊಂದರೆ ಎಂದಳು. ಡಾಕ್ಟರಿಗೇ ಹೇಳಬೇಕು ಎಂದೆ, ಬರೆದುಕೊಂಡಳು. ಈಗ ಮೂವತ್ತೆರಡನ್ನು ಕರೆದರು. ಈ ಕಾಗದವನ್ನು ನರ್ಸಿನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಓದಿದ ಮೇಲೆ ಮೂವತ್ತನಾಲ್ಕನ್ನು ಕರೆಯುವುದೋ ಮೂವತ್ತೈದಕ್ಕೆ ಹೋಗುವುದೋ ನಿನಗೆ ಬಿಟ್ಟದ್ದು. ನಾನು ಮಾತ್ರ ಕೊನೆಯ ಟೋಕನ್ನಿನವರೆಗೂ ಇಲ್ಲೇ ಕೂತಿರುತ್ತೇನೆ.